ಕೆಂಪು ಹೆಚ್ಚಾದರ

ಕಪ್ಪು-ಬಿಳುಪಿಗೆ ಕೆಂಪು ದೀಪ ನಡೀತೈತಿ,
ಬಣ್ಣಕ್ಕ ಪೂರಾ ಕತ್ತಲಿನ ಬೇಕು.
ತುಳಜಾಸಾ ಮೇರವಾಡೆ ಹೇಳಿದ ಮೊದಲನೇ ಪಾಠ,
ಗದಗದ ಟಾಂಗಾಕೂಟದ ಹಿಂದ
ಬಚ್ಚಲಕಿಂತ ಒಂದು ಗೇಣು ದೊಡ್ಡ ಖೋಲ್ಯಾಗ.
ಬಾಗಲ ಸಂದಿಗೆ ಹಳೇ ಕೌದಿ ತುರುಕಿ
ಸುಮ್ಮನ ನಿಲ್ಲಿಸಿದ.
"ಏನರ ಕಾಣತೈತೇನು?"
"ಇಲ್ರಿ."
"ಇನ್ನೂ ನಿಲ್ಲು."
ಕಡೀಕ ಕಂಡಿತು, ಕೀಲಿ ತೂತಿನ್ಯಾಗ
ಸಾಸಿವಿಯಷ್ಟು ಬೆಳಕು.
ಅದಕ್ಕ ಮೇಣ ಮೆತ್ತಿದ ಮ್ಯಾಲೆ ಕಲಿಸೂದು ಸುರು.

ನೀರು ಮೂವತ್ತೆಂಟು ಡಿಗ್ರಿ,
ಕೂಸಿಗೆ ಎರಿಯೋ ಹದಕ್ಕ ಒಂದೀಟು ಮ್ಯಾಲೆ.
ನಳ ಬರೂದು ಒಂಬತ್ತು ದಿನಕ್ಕೊಮ್ಮೆ,
ಬೋರಿನ ನೀರು ಫಿಲ್ಮಿನ ಮ್ಯಾಲೆ ಉಪ್ಪಿನ ಚುಕ್ಕಿ ಬಿಡತಿತ್ತು.
ಹಿಂಗಾಗಿ ಕುಡಿಯೋ ನೀರಿನ ಕೊಡ ಡಾರ್ಕ್‌ರೂಮಿಗೆ,
ಯಮುನಾಬಾಯಿ ಬೈಗಳ ನಮಗ.

ಮೂರು ನಿಮಿಷ ಹದಿನೈದು ಸೆಕೆಂಡು.
ಡಬ್ಬಿ ಹೊರಳಿಸಿಗೋತ ಎಣಸತಿದ್ದೆ.
ಮೊದಲನೇ ರೋಲು ಬೇಯಿಸಿಬಿಟ್ಟೆ.
ಎರಡನೇದು ಸುರುಳ್ಯಾಗ ಒಂದಕ್ಕೊಂದು ಹತ್ತಿ
ಯಾರದೋ ಕುಬಸದ ಆರತಿ ಅಳಿಸಿಹೋತು.
ಸಾವಕಾರ ಬಡೀಲಿಲ್ಲ.
"ಆ ಮನಿಗೆ ನೀನ ಹೋಗಿ ಹೇಳು" ಅಂದ.
ಬಡತ ಹಗುರಿತ್ತು.

ಮೂರನೇದು ಬಂತು. ಕಿತ್ತಳಿ ಪಟ್ಟಿ ಮ್ಯಾಲೆ
ಮದಲಗಿತ್ತಿ ಮಾರಿ ನೀಲಿ, ಕೂದಲ ತಿಳಿ,
ರಾಣಿ ಬಣ್ಣದ ಸೀರಿ ಹಸರು.
ತಂತಿಗೆ ಚಿಮಟಾ ಹಾಕಿ ತೂಗಬಿಟ್ಟೆ,
ಬೆಟಗೇರಿ ಹಿತ್ತಲದಾಗ
ಅಪ್ಪ ಬಣ್ಣಕ್ಕ ಅದ್ದಿ ಒಣಹಾಕಿದ ನೂಲಿನ ಲಡಿ ಹಂಗ.

ಪ್ರಿಂಟಿನ ಲೆಕ್ಕ ಎಲ್ಲಾ ಉಲ್ಟಾ.
ಕೆಂಪು ಹೆಚ್ಚಾದರ ಕಳೀಬಾರದು,
ಫಿಲ್ಟರಿನ್ಯಾಗ ಇನ್ನಷ್ಟು ಕೆಂಪು ಹಾಕಬೇಕು.
ಹಸರಿಗೆ ತಿರುಗಿದರ ಮಜಂಟಾ ತಗೀಬೇಕು.
ತಿಂಗಳಾದರೂ ತಲ್ಯಾಗ ಇಳೀಲಿಲ್ಲ.
ಒಮ್ಮೆ ಗುಂಡಿ ಒತ್ತಿದೆ, ದೀಪ ಹತ್ತಲಿಲ್ಲ,
ಇಬ್ಬರೂ ಕತ್ತಲ್ಯಾಗ ಯಂತ್ರ ತಡವಿದ್ದ ತಡವಿದ್ದು.
ಹೊರಗಿಂದ ಯಮುನಾಬಾಯಿ:
"ಕರೆಂಟ್ ಹೋಗಿ ಅರ್ಧ ತಾಸಾತು."
ಒಳಗಿದ್ದವರಿಗೆ ಹೆಂಗ ಗೊತ್ತಾಗಬೇಕು.

ಆ ಮದಲಗಿತ್ತಿದು ಏಳು ಸಲ ತಗದೆ.
ಒಂದರಾಗೂ ಆ ಸೀರಿ ಆ ಸೀರಿ ಆಗಲಿಲ್ಲ.
ರಾತ್ರಿ ಮನಿಗೊಯ್ದು ಅಪ್ಪನ ಮುಂದ ಹರವಿದೆ.
"ದೀಪದಾಗ ಬಣ್ಣ ನೋಡತಾರೇನೋ ಹುಚ್ಚಾ?"
ತಿರುಗಿ ಮಲಗಿದ.

ಮುಂಜಾನೆ ಅಂಗಳದಾಗ ಕುಂತ,
ಕೈತುಂಬ ಆಗಷ್ಟ ಅದ್ದಿದ ನೀಲಿ.
ನಾಕು ಬದಿಗಿಟ್ಟ, ಎರಡು ಬದಿಗಿಟ್ಟ,
ಆರನೇದನ್ನ ಬಿಸಲಿಗೆ ಹಿಡಿದು ಕಣ್ಣು ಸಣ್ಣ ಮಾಡಿದ.
"ಅರಿಷಿಣ ಹೆಚ್ಚಾಗೈತಿ. ಚಿಟಿಕಿಯಷ್ಟು ತಗಿ."
ತಗಿ ಅಂದ, ನಾ ಹಳದಿ ಐದು ಏರಿಸಿದೆ.
ಅಪ್ಪನ ಮಾತು ಮೀರಿ
ನಡೆಸಿಕೊಟ್ಟದ್ದು ಅದೊಮ್ಮೆ.

ಎಂಟನೇದು ಬಂತು ನೋಡ್ರಿ, ರಾಣಿ!
ಬೀಗರು ಬಂದು ಒಯ್ದರು.
ಸೀರಿ ಯಾರೂ ನೋಡಲಿಲ್ಲ,
ಕಣ್ಣು ತಗದಾಳೋ ಮುಚ್ಚ್ಯಾಳೋ, ಅಷ್ಟ.

ಕೆಟ್ಟ ಏಳು ನನ್ನ ಕಡೆ ಉಳದಾವ.
ಇಷ್ಟು ವರ್ಷಕ್ಕ ಅವೂ ಬಣ್ಣ ಬಿಟ್ಟು
ಏಳಕ್ಕ ಏಳೂ ಒಂದ ನಮೂನಿ ಕೆಂಪಗ,
ಯಾವುದು ಎಷ್ಟನೇದು ಹೇಳಾಕ ಬರೂದಿಲ್ಲ.
ಬೆನ್ನ ತಿರುವಿದರ ಮಾತ್ರ
ಆರನೇದು ಸಿಗತೈತಿ.
ಅಲ್ಲೆ ಅಪ್ಪನ ಹೆಬ್ಬೆರಳು, ನೀಲಿ,
ಇನ್ನೂ ಹಸಿ ಇದ್ದಂಗ.