ಉಬ್ಬೆ

ಎದೆಸ್ಸದ ಇಬ್ಬರು ಉಪಯಾಜಕರು ನನ್ನ ಗಿರಾಕಿಗಳು.
ಅವ್ಗೀನನ ಅಂಗಿಗೆ ಎಣ್ಣೆಜಿಡ್ಡು,
ದೀಪಕ್ಕೆ ಅಂಟಿಕೊಂಡು ಓದುವವನು.
ಝಬ್ದಾನ ಅಂಗಿಗೆ ಕಂಕುಳಲ್ಲಿ ಬೆವರು,
ಕೈ ಎತ್ತಿ ಎತ್ತಿ ಬೋಧಿಸುವವನು.
ಎರಡನ್ನೂ ಒಂದೇ ಕಲ್ಲಿಗೆ ಬಡಿಯುತ್ತೇನೆ.

ಅವರ ಜಗಳ ಒಂದು ಮಾತಿನ ಮೇಲೆ: ಆಲಮ್.
ನಾವು ದಿನಾ ಆಡುವ ಮಾತೇ.
ಯುಗ ಅಂದರೂ ಅದೇ, ಲೋಕ ಅಂದರೂ ಅದೇ,
ಕೊನೆಯಿಲ್ಲದ್ದು ಅಂದರೂ ಅದೇ.
ಬೆಂಕಿ ಆಲಮ್‌ವರೆಗೆ ಉರಿಯುತ್ತದೆ ಎಂದು ಗ್ರಂಥದಲ್ಲಿದೆಯಂತೆ.
ಒಂದು ಯುಗ ಉರಿದು ಆರುತ್ತದೆ, ಅಂತ ಅವ್ಗೀನ.
ಎಲ್ಲರೂ ಮನೆಗೆ ಬರುತ್ತಾರೆ, ಕಟ್ಟಕಡೆಗೆ ಆ ಸೈತಾನನೂ,
ಬಾಲ ಮುದುರಿಕೊಂಡು.
ಝಬ್ದಾ ನೆಲಕ್ಕೆ ಉಗುಳುತ್ತಾನೆ:
ಬೆಂಕಿಗೆ ಕೊನೆಯಿದ್ದರೆ ಸ್ವರ್ಗಕ್ಕೂ ಕೊನೆಯಿದೆ,
ಎರಡಕ್ಕೂ ಅದೇ ಮಾತು ಬಳಸಿದ್ದಾನಲ್ಲ ದೇವರು!

ಮೊನ್ನೆ ಇಬ್ಬರೂ ಒಟ್ಟಿಗೆ ಬಂದು ನನ್ನನ್ನೇ ಕೇಳಿದರು:
ಹೋಗದ ಕಲೆ ಉಂಟೇನಮ್ಮಾ?
ಉಂಟು ಅಂದರೆ ಒಬ್ಬ ಗೆಲ್ಲುತ್ತಾನೆ, ಇಲ್ಲ ಅಂದರೆ ಇನ್ನೊಬ್ಬ.
ಕಂಡದ್ದು ಹೇಳಿದೆ.
ದ್ರಾಕ್ಷಾರಸ ಹೋಗುತ್ತದೆ.
ದಾಳಿಂಬೆ ಸಿಪ್ಪೆಯದು ಹಟಮಾರಿ,
ಚೌಳು, ಬೂದಿನೀರು, ಹಳೆಯ ಉಚ್ಚೆ, ಮೂರು ಉಬ್ಬೆ ಬೇಕು.
ಕಬ್ಬಿಣದ ತುಕ್ಕು ಹೋಗುವ ಹೊತ್ತಿಗೆ
ಅಲ್ಲಿ ಬಟ್ಟೆಯೇ ಇರುವುದಿಲ್ಲ, ತೂತು ಇರುತ್ತದೆ.
ತೂತಿಗೆ ಮಡಿ ಅನ್ನುತ್ತೀರಾ, ಸ್ವಾಮಿ?
ಇಬ್ಬರೂ ಅಂಗಿ ಮಡಚಿಕೊಂಡು ಹೋದರು.
ಝಬ್ದಾ ಕಾಸು ಕೊಡಲು ಮರೆತ.

ಹೇಳದೆ ಉಳಿದದ್ದು ಒಂದಿತ್ತು.
ಪೆಟ್ಟಿಗೆಯ ತಳದಲ್ಲಿ ನಾರುಮಡಿಯ ಒಂದು ಮೇಲಂಗಿ,
ನನ್ನ ತಮ್ಮ ಬರ್‌ಷಬ್ಬನದು.
ಸೈನಿಕರು ಬಂದ ವರ್ಷ ಹನ್ನೊಂದು ಹೆಸರು ಹೇಳಿಕೊಟ್ಟ.
ಹೊಡೆತ ತಿಂದು ಹೇಳಿದ್ದರೆ ಬೇರೆ ಮಾತು.
ಒಂದು ಹೇಸರಗತ್ತೆಗೆ ಹೇಳಿದ.
ಹನ್ನೊಂದರಲ್ಲಿ ಒಬ್ಬ ಮಾನು, ಪಕ್ಕದ ಮನೆಯ ಷಲ್ಮತ್‌ಳ ಮಗ,
ಮೀಸೆ ಇನ್ನೂ ಮೂಡಿರಲಿಲ್ಲ.
ಮರುವರ್ಷ ದೈಸಾನ್ ಹೊಳೆ ಉಕ್ಕಿದಾಗ
ಕತ್ತೆಯೂ ಹೋಯಿತು, ಅವನೂ ಹೋದ,
ಅಂಗಿ ಮಾತ್ರ ಮುಳ್ಳುಪೊದೆಗೆ ಸಿಕ್ಕಿತ್ತು.
ಎದೆಯ ಮೇಲೆ ಕಂದು ಕಲೆ. ಕೆಸರೋ, ನೆತ್ತರೋ, ತುಕ್ಕೋ.

ಹದಿನೇಳು ವರ್ಷ ಅದನ್ನು ಒಗೆದಿಲ್ಲ,
ಊರ ಕೊಳೆಯೆಲ್ಲ ತೊಳೆಯುವ ನಾನು.
ಒಗೆದರೆ, ಬೆಳ್ಳಗಾಗಿಬಿಟ್ಟರೆ?
ಅದೇ ಭಯ.

ನಿನ್ನೆ ಷಲ್ಮತ್ ಒಲೆಯ ಬೂದಿ ಕೊಡಲು ಬಂದಳು.
ಉಪಯಾಜಕರ ಜಗಳ ಅವಳ ಕಿವಿಗೂ ಬಿದ್ದಿತ್ತು.
ಹೊಸ್ತಿಲಲ್ಲೇ ನಿಂತು, ನನ್ನ ಮುಖ ನೋಡದೆ ಅಂದಳು:
"ಬರಲಿ ಬಿಡು, ಅವನೂ.
ಆದರೆ ಎಲ್ಲರ ಕೊನೆಗೆ ಬರಲಿ.
ನನ್ನ ಮಗ ಉಂಡು, ಕೈ ತೊಳೆದು, ಎದ್ದ ಮೇಲೆ."
ಮಡಕೆ ಇಟ್ಟು ಹೋದಳು.
ಬೂದಿ ಇನ್ನೂ ಬೆಚ್ಚಗಿತ್ತು.

ಈ ರಾತ್ರಿ ಉಬ್ಬೆ ಹೂಡಿದ್ದೇನೆ, ಅವಳ ಬೂದಿಯ ನೀರಿನಲ್ಲೇ.
ಬೆಂಕಿ ಎಷ್ಟು ಹೊತ್ತು ಅಂತ ವಾದಿಸಿದರೇ ಹೊರತು
ಸೌದೆ ಮುಂದೂಡುತ್ತ ಎಚ್ಚರ ಕೂತಿರುವವರು ಯಾರು
ಅಂತ ಇಬ್ಬರೂ ಕೇಳಲಿಲ್ಲ.
ಉರಿ ಹೆಚ್ಚಿದರೆ ನೂಲು ಸಾಯುತ್ತದೆ,
ತಗ್ಗಿದರೆ ಕಲೆ ನಗುತ್ತದೆ.
ಹೊಗೆಗೆ ಕಣ್ಣಲ್ಲಿ ನೀರು. ಹೊಗೆಗೇ ಇರಬೇಕು.
ಕೋಳಿ ಕೂಗುವ ಮುಂಚೆ ಒಮ್ಮೆ
ಮುಚ್ಚಳ ಸರಿಸಿ ಕೋಲಿನಿಂದ ಎತ್ತಿ ನೋಡಿದೆ.
ಕತ್ತಲಲ್ಲಿ ಏನೂ ತಿಳಿಯಲಿಲ್ಲ.
ಮತ್ತೆ ಅದ್ದಿದೆ.