ಏಳನೆಯ ಕೈ

ಬರ್ನಬಿಯ ನಮ್ಮ ಸ್ಟುಡಿಯೋ ಮೊದಲು ಮೀನು ಡಬ್ಬಿಗೆ ತುಂಬುವ ಕಾರ್ಖಾನೆ.
ದೀಪಗಳು ಕಾದರೆ ಗೋಡೆ ಈಗಲೂ ಸಾಲ್ಮನ್ ನಾರುತ್ತಿತ್ತು.
ಅದರೊಳಗೆ ಪ್ಲೈವುಡ್ಡು, ಬೆಳ್ಳಿ ಬಣ್ಣ, ನಾಲ್ಕು ಮೂಟೆ ಮೊಳೆ:
ನಾಲ್ಕುನೂರು ವರ್ಷ ಆಕಾಶದಲ್ಲಿ ತೇಲಿದ ಹಡಗು.
ಅಲ್ಲಿನವರ ನಂಬಿಕೆ ಇಷ್ಟು:
ಗೋಡೆಯಾಚೆ ಏನೂ ಇಲ್ಲ.
ಹಡಗಿಗೆ ಹುಟ್ಟಿಲ್ಲ, ಸೇರುವ ದಡವಿಲ್ಲ.

ಆ ವಾರದ ಕಂತಿನಲ್ಲಿ ಒಬ್ಬ ಹುಡುಗಿ
ತೊಟ್ಟಿಯ ನೀರು ಒಂದು ಬದಿಗೆ
ಕೂದಲೆಳೆಯಷ್ಟು ವಾಲಿದ್ದನ್ನು ಅಳೆಯುತ್ತಾಳೆ.
ವೇಗ ತಗ್ಗುತ್ತಿದೆ, ಎನ್ನುತ್ತಾಳೆ,
ನಾವು ಎಲ್ಲಿಗೋ ತಲುಪಲಿದ್ದೇವೆ.
ಅವಳ ಬಾಯಿ ಮುಚ್ಚಿಸಲು
ಒಂಬತ್ತು ಜನ ಹಿರಿಯರು ಕೈಯೆತ್ತಬೇಕು.

ನನ್ನ ಕೆಲಸ ಕಂಟಿನ್ಯುಟಿ.
ಒಂದು ಶಾಟಿನಲ್ಲಿ ಅರ್ಧವಿದ್ದ ಲೋಟ
ಮುಂದಿನದರಲ್ಲಿ ತುಂಬಿರಬಾರದು.
ಗುಂಡಿ, ಬೆವರು, ಎಡಗೈಯೋ ಬಲಗೈಯೋ—
ತುಂಡು ತುಂಡಾಗಿ ಹುಟ್ಟುವ ಲೋಕಕ್ಕೆ
ಹೊಲಿಗೆ ಕಾಣದಂತೆ ಕಾವಲು.

ಏಳನೆಯ ಹಿರಿಯ, ದಿನಗೂಲಿಯ ಓಸ್ತಪ್ ಹ್ರಿನ್ಕಿವ್.
ಮಾತಿಲ್ಲದ ಪಾತ್ರ. ಗಡ್ಡ ಸ್ವಂತದ್ದು;
ಅಂಟಿನ ಖರ್ಚು ಉಳಿಯಿತೆಂದೇ ತೆಗೆದುಕೊಂಡಿದ್ದರು.
ಎಷ್ಟು ಚೆನ್ನಾಗಿ ಎತ್ತುತ್ತಿದ್ದರು ಕೈ!
ಎಲ್ಲರಿಗಿಂತ ಮೊದಲಲ್ಲ, ಕೊನೆಗೂ ಅಲ್ಲ,
ನಡುವಿನಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ.
ಒಂದನೆಯ ಟೇಕ್, ಎರಡು, ಮೂರು.
ನಾಲ್ಕನೆಯದರಲ್ಲಿ ಎತ್ತಲಿಲ್ಲ.

ನಿರ್ದೇಶಕ ಹುಡುಗಿಯ ಮುಖ ನೋಡುತ್ತಿದ್ದ.
ಕಂಡದ್ದು ನನಗೊಬ್ಬಳಿಗೇ.

ಕಾಫಿ ಮೇಜಿನ ಬಳಿ, ನಿಲುವಂಗಿ ಮೊಣಕಾಲಿಗೆ ಎತ್ತಿಕಟ್ಟಿ,
ಡೋನಟ್ಟಿನ ಸಕ್ಕರೆ ಗಡ್ಡದಿಂದ ಕೊಡವುತ್ತಾ ಹೇಳಿದರು:
"ನಲವತ್ತೆಂಟನೇ ಇಸವಿ. ಖಾರ್ಕಿವ್. ನನಗೆ ಇಪ್ಪತ್ತೆರಡು.
ಗೋಧಿಗೆ ಚಳಿಯ ಪಾಠ ಹೇಳಿಕೊಟ್ಟರೆ
ಅದು ತನ್ನ ಮಕ್ಕಳಿಗೂ ಕಲಿಸುತ್ತದೆ:
ಆ ವರ್ಷದ ಸತ್ಯ ಅದು. ಪತ್ರಿಕೆಯಲ್ಲಿ ಬಂದಿತ್ತು.
ನಮ್ಮ ಲಿದಿಯಾ ಸವ್ಚುಕ್ ಮೇಡಂ ಮಾತ್ರ
ಹಾಲಿನ ಶೀಷೆಗಳಲ್ಲಿ ಹಣ್ಣುನೊಣ ಸಾಕಿ
ಎಣಿಸಿರಿ, ಎನ್ನುತ್ತಿದ್ದರು. ಅಷ್ಟೇ. ಎಣಿಸಿರಿ.
ಮೂರಕ್ಕೆ ನೆಟ್ಟಗಿನ ರೆಕ್ಕೆ, ಒಂದಕ್ಕೆ ಮುರುಟು.
ಮಗಳಲ್ಲಿ ಅಡಗಿದ್ದು ಮೊಮ್ಮಗಳಲ್ಲಿ ಕಾಣುತ್ತದೆ,
ಯಾರ ಅಪ್ಪಣೆಗೂ ಕಾಯದೆ.

ನನ್ನ ಬೂಟು ಹರಿದಿತ್ತು ಆ ಚಳಿಗಾಲ.
ಯುದ್ಧದಿಂದ ಮರಳದ ಗಂಡನ ಬೂಟು
ಹಳೆ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದರು.
ಅದನ್ನು ಹಾಕಿಕೊಂಡೇ ಸಭೆಗೆ ಹೋದೆ.
ಅದನ್ನು ಹಾಕಿಕೊಂಡೇ ಕೈಯೆತ್ತಿದೆ.
ಮರುದಿನ ಕುದಿನೀರಿನ ಕೆಟಲು ಹಿಡಿದವನೂ ನಾನೇ.
ಒಂದೊಂದು ಶೀಷೆಗೂ ಒಂದೊಂದು ಲೋಟ.
ನೊಣಗಳು ಸದ್ದು ಮಾಡುವುದಿಲ್ಲ, ಗೊತ್ತಾ?
ಗಾಜು ಮಾಡುತ್ತದೆ. ಟಿಕ್ ಅಂತ ಬಿರುಕು ಬಿಡುತ್ತದೆ."

ಸುಮ್ಮನಾದರು. ಜನರೇಟರ್ ಗುಂಯ್ ಎನ್ನುತ್ತಿತ್ತು.
ಅದಕ್ಕೇ ಈಗ ಎತ್ತಲಿಲ್ಲವಾ, ಎಂದೆ.
ಮುದುಕರು ನಕ್ಕರು:
"ಛೆ, ಭುಜ ನೋವು ಮಾರಾಯ್ತಿ.
ನಿನ್ನ ವಹಿಯಲ್ಲಿ ಹಾಗೇ ಬರೆದುಕೋ."

ಬರೆದುಕೊಂಡೆ. ಏಳನೇ ಹಿರಿಯ:
ಮೂರರಲ್ಲಿ ಕೈ ಮೇಲೆ, ಒಂದರಲ್ಲಿ ಕೆಳಗೆ.
ಬರೆದ ಮೇಲೆ ಆ ಸಾಲನ್ನು ತುಂಬಾ ಹೊತ್ತು ನೋಡಿದೆ.

ಎಡಿಟರ್ ನಾಲ್ಕನೆಯದನ್ನೇ ಆರಿಸಿದ:
ಹುಡುಗಿಯ ಕಣ್ಣು ಅದರಲ್ಲೇ ಒದ್ದೆಯಾಗಿದ್ದದ್ದು.
ಹೊಲಿಗೆ ಬಿಟ್ಟಿದೆ ಎಂದು ನಾನು ಹೇಳಬೇಕಿತ್ತು,
ಅದಕ್ಕೇ ಸಂಬಳ. ಹೇಳಲಿಲ್ಲ.

ಗುರುವಾರ ರಾತ್ರಿ ದೇಶಕ್ಕೆಲ್ಲ ಹೋಯಿತು ಕಂತು.
ಅಧ್ಯಕ್ಷ "ಒಂಬತ್ತಕ್ಕೆ ಒಂಬತ್ತು" ಎಂದು ಗದ್ದರಿಸುವಾಗ
ಪರದೆಯ ಬಲಮೂಲೆಯಲ್ಲಿ
ಎರಡೇ ಸೆಕೆಂಡು,
ಮಡಿಲಲ್ಲಿ ಮಲಗಿದ ಒಂದು ಕೈ.

ಬಂದದ್ದು ಒಂದೇ ಕಾಗದ, ಸಸ್ಕಟೂನಿನಿಂದ.
ಹನ್ನೊಂದರ ಹುಡುಗಿ, ಪೆನ್ಸಿಲ್ ಅಕ್ಷರ:
"ಒಂಬತ್ತು ಅಂತೀರಿ. ವಿಡಿಯೋ ನಿಲ್ಲಿಸಿ ನೋಡಿದೆ.
ಎಂಟೇ ಇವೆ. ಅಪ್ಪ ನಂಬಲಿಲ್ಲ, ಅವರಿಗೂ ತೋರಿಸಿದೆ."

ಇಂಥದ್ದಕ್ಕೆ ಅಚ್ಚು ಹಾಕಿಟ್ಟ ಉತ್ತರವಿರುತ್ತದೆ,
ತಪ್ಪಿಗೆ ವಿಷಾದಿಸುತ್ತೇವೆ, ನೋಡುತ್ತಿರಿ, ಇತ್ಯಾದಿ.
ಅದನ್ನು ಬದಿಗಿಟ್ಟು
ಬಿಳಿ ಹಾಳೆಯೊಂದನ್ನು ಯಂತ್ರಕ್ಕೆ ಸಿಕ್ಕಿಸಿದೆ:

ನಿನ್ನ ಎಣಿಕೆ ಸರಿಯಾಗಿದೆ.