ತಕ್ಕಡಿ ಮುಳ್ಳು

ಉಪ್ಪಲಿ ಬುರುಜಿನ ಕೆಳಗೆ, ತಗಡಿನ ಅಂಗಡಿಯಲ್ಲಿ
ತಕ್ಕಡಿ ರಿಪೇರಿ ಮಾಡುವ ಮಲಿಕಸಾಬನಿಗೆ
ಮೊಮ್ಮಗಳು ಓದಿ ಹೇಳುತ್ತಿದ್ದಳು:
ಸೊಂಘಾಯ್ ಸೀಮೆ. ನೈಜರ್ ಹೊಳೆ.
ಒಬ್ಬನೇ ದೊರೆ, ಮೂವತ್ತೈದು ವರ್ಷ.
ಮರಳುಗಾಡು ದಾಟಿ ಒಂಟೆಯ ಮೇಲೆ ಉಪ್ಪಿನ ಹಾಸುಗಲ್ಲು,
ಇತ್ತ ಕಡೆಯಿಂದ ಚಿನ್ನದ ಪುಡಿ.

‘ತೂಗಾವ್ರು ಯಾರು?’

ಮೈಮುನಾ ಪುಟ ತಿರುವಿದಳು.
‘ಪೇಟಿ ಪೇಟಿಗೂ ದೊರಿ ಆಳು ಇಟ್ಟಿದ್ದ,
ತೂಕದ ಕಲ್ಲು ಖರೇ ಅದಾವೋ ಇಲ್ಲೋ ನೋಡಾಕ.’

ಮುದುಕ ಅರ ಕೆಳಗಿಟ್ಟ.
‘ಹಂಗಾರ ಬರೋಬ್ಬರಿ. ಅದಕ್ಕ ಅಷ್ಟು ವರ್ಷ.’

ಮುಂದಿನ ಸಾಲನ್ನು ಅವಳು ಮೆಲ್ಲಗೆ ಓದಿದಳು:
ಕಡೆಗೆ ದೊರೆಗೆ ಕಣ್ಣು ಹೋದವು,
ಹೆತ್ತ ಮಗನೇ ಗಾದಿಯಿಂದ ಇಳಿಸಿದ.

ಹೊರಗೆ ಟಾಂಗಾ ಒಂದು ಹೋಯಿತು.
ಪೊರೆ ಬಂದ ಕಣ್ಣನ್ನು ಎತ್ತಲೂ ಇಲ್ಲ ಮಲಿಕಸಾಬ.
ಎರಡೂ ಪರಡಿಗೆ ಒಂದೊಂದು ಹಿಡಿ ಜೋಳ ಸುರಿದು,
ಸರಿದೂಗಿಸಿ,
ಮುಳ್ಳಿನ ತುದಿಗೆ ಹೆಬ್ಬೆರಳ ಉಗುರು ತಾಗಿಸಿದ.

‘ಎಡಕ್ಕ ಒಂದು ಕಾಳು ಹೆಚ್ಚಾತು. ತಗಿ.’

ತೆಗೆದಳು.
ಮುಳ್ಳು ನೆಟ್ಟಗೆ ನಿಂತಿತು.

ಆ ಕಾಳನ್ನು ಎಲ್ಲಿಡುವುದೆಂದು ತಿಳಿಯದೆ
ದೊರೆಯ ಪುಟದ ನಡುವೆ ಇಟ್ಟು
ಪುಸ್ತಕ ಮುಚ್ಚಿದಳು.